ಫಿಲ್ಹಾರ್ಮೋನಿಯಾದ ಮೈಸೂರು ಖಾತೆ

ಮೈಸೂರಿನ ಸಣ್ಣದೊಂದು ಸಂಗೀತ ಸಭಾದ ಖಜಾಂಚಿ ನಾನು. ಹಾಲ್ ಬಾಡಿಗೆ, ಮೈಕ್‌ಸೆಟ್, ಪಕ್ಕವಾದ್ಯದವರ ಸಂಭಾವನೆ ಇಷ್ಟೂ ಟಿಕೆಟ್ ಹಣದಲ್ಲಿ ಹುಟ್ಟುವುದಿಲ್ಲ. ಕೊರತೆಯನ್ನು ಯಾರಾದರೂ ದಾನಿ ತುಂಬಬೇಕು. ನಾಲ್ಕು ಜನ ಕೂತು ನುಡಿಸುವ ಕಛೇರಿಗೇ ಈ ಪಾಡು. ಎಂಬತ್ತು ಮಂದಿಯ ಆರ್ಕೆಸ್ಟ್ರಾ ಬದುಕುವುದು ಹೇಗೆ? ಲಂಡನ್ನಿನ ಫಿಲ್ಹಾರ್ಮೋನಿಯಾ ಚರಿತ್ರೆಯನ್ನು ನಾನು ಓದುವುದು ಈ ಪ್ರಶ್ನೆ ಇಟ್ಟುಕೊಂಡೇ.

ರೆಕಾರ್ಡ್ ನಿರ್ಮಾಪಕ ವಾಲ್ಟರ್ ಲೆಗ್ ಅದನ್ನು ಕಟ್ಟಿದ್ದು 1945ರಲ್ಲಿ, ಯುದ್ಧ ಮುಗಿದ ವರ್ಷ. ಅಕ್ಟೋಬರ್ 27ರ ಮೊದಲ ಕಛೇರಿ ನಡೆಸಿಕೊಟ್ಟ ಥಾಮಸ್ ಬೀಚಮ್ ಪಡೆದ ಸಂಭಾವನೆ ಒಂದು ಸಿಗಾರ್. ಹೊಟ್ಟೆಪಾಡು ರೆಕಾರ್ಡಿಂಗ್‌ನಿಂದ ಸಾಗುತ್ತಿತ್ತು. ಸಾರ್ವಜನಿಕ ಕಛೇರಿಗಳಿಗೆ ಮಾತ್ರ ಆಸರೆ ಬೇಕಿತ್ತು.

ಆಸರೆ ಬಂದದ್ದು ನಮ್ಮೂರಿನಿಂದ. ಮಹಾರಾಜ ಜಯಚಾಮರಾಜ ಒಡೆಯರ್ ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷ ಕೊಟ್ಟರು. ಇದನ್ನು ಅರಸರ ಶೋಕಿ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಪಿಯಾನೊ ಬಲ್ಲವರು, ಕರ್ನಾಟಕ ಸಂಗೀತದಲ್ಲಿ 94 ಕೃತಿ ರಚಿಸಿದವರು, ದುಡ್ಡು ಎಲ್ಲಿಗೆ ಸಲ್ಲಬೇಕೆಂದು ತಿಳಿದೇ ಕೊಟ್ಟರು. ಲಂಡನ್ನಿನಲ್ಲಿ ಮೂಲೆಗುಂಪಾಗಿದ್ದ ರಷ್ಯನ್ ರಚನಕಾರ ಮೆಡ್ನರ್ ತನ್ನ ಮೂರೂ ಪಿಯಾನೊ ಕಂಚರ್ಟೊಗಳನ್ನು ಇದೇ ಆರ್ಕೆಸ್ಟ್ರಾದೊಡನೆ ನುಡಿಸಿ ಧ್ವನಿಮುದ್ರಿಸಿದ್ದು ಅವರ ನೆರವಿನಿಂದ. ಮೂರನೆಯದನ್ನು ಮೆಡ್ನರ್ ಅವರಿಗೇ ಅರ್ಪಿಸಿದ. ರಿಚರ್ಡ್ ಸ್ಟ್ರಾಸ್ ಕೊನೆಗಾಲದಲ್ಲಿ ಬರೆದ ನಾಲ್ಕು ಹಾಡುಗಳನ್ನು 1950ರ ಮೇ 22ರಂದು ಆಲ್ಬರ್ಟ್ ಹಾಲ್‌ನಲ್ಲಿ ಇದೇ ಆರ್ಕೆಸ್ಟ್ರಾದೊಡನೆ ಕಿರ್ಸ್ಟನ್ ಫ್ಲಾಗ್‌ಸ್ಟಾಡ್ ಮೊದಲ ಬಾರಿಗೆ ಹಾಡಿದಾಗಲೂ ಖರ್ಚಿಗೆ 4,800 ಡಾಲರ್ ಖಾತರಿ ನಿಂತವರು ಮೈಸೂರಿನ ಮಹಾರಾಜರೇ.

ಆದರೆ ದಾನಿಯಾಗಲಿ ಒಡೆಯನಾಗಲಿ, ಒಬ್ಬರ ಕೈ ನೋಡಿಕೊಂಡು ನಿಂತ ಸಂಸ್ಥೆಗೆ ಆ ಕೈ ಹಿಂದೆ ಸರಿದ ದಿನವೇ ಗಂಡಾಂತರ. 1964ರ ಮಾರ್ಚಿನಲ್ಲಿ ಲೆಗ್ ಆರ್ಕೆಸ್ಟ್ರಾವನ್ನೇ ನಿಲ್ಲಿಸುವುದಾಗಿ ಸಾರಿದ. ವಾದ್ಯಗಾರರು ಮನೆಗೆ ಹೋಗಲಿಲ್ಲ. ತಾವೇ ಆಡಳಿತ ವಹಿಸಿಕೊಂಡು ನ್ಯೂ ಫಿಲ್ಹಾರ್ಮೋನಿಯಾ ಎಂದು ಹೆಸರಿಟ್ಟುಕೊಂಡರು. ವಾದ್ಯವೃಂದದ ವೃದ್ಧ ನಿರ್ದೇಶಕ ಕ್ಲೆಂಪರರ್ ಅವರ ಬೆನ್ನಿಗೆ ನಿಂತು, ಆ ವರ್ಷದ ಅಕ್ಟೋಬರ್ 27ರಂದು ಬೀಥೋವನ್‌ನ ಒಂಬತ್ತನೇ ಸಿಂಫನಿ ನಡೆಸಿಕೊಟ್ಟ. ಹಳೆಯ ಹೆಸರು ಮರಳಿ ಸಿಕ್ಕಿದ್ದು 1977ರಲ್ಲಿ.

ಮಹಾರಾಜರ ದಾನದ ಮೇಲೆ ನನಗೆ ಅಪಾರ ಗೌರವವಿದೆ. ಆದರೂ ಲೆಕ್ಕ ಬರೆಯುವವನಾಗಿ ನನ್ನ ಮನಸ್ಸು ಹೆಚ್ಚು ಒಲಿಯುವುದು ಪಿಟೀಲು ಕೆಳಗಿಟ್ಟು ಜಮಾಖರ್ಚಿನ ಪುಸ್ತಕ ಕೈಗೆತ್ತಿಕೊಂಡ ಆ ವಾದ್ಯಗಾರರಿಗೆ. ನಿಮ್ಮೂರಿನಲ್ಲೂ ಒಂದು ಸಭಾ ಇದ್ದೀತು. ದೊಡ್ಡ ದಾನಿ ಬರಲೆಂದು ಕಾಯಬೇಡಿ, ಈ ವರ್ಷದ ಚಂದಾ ಕಟ್ಟಿ ರಸೀದಿ ಪಡೆಯಿರಿ.