ನೆಟ್ಟಗೆ ಮಾಡಿದ ಹಳ್ಳ

ಕನ್ನಡದಲ್ಲಿ ‘ಹಳ್ಳ’ ಎಂದರೆ ಹರಿಯುವ ಸಣ್ಣ ತೊರೆಯೂ ಹೌದು, ತಗ್ಗಿನ ನೆಲವೂ ಹೌದು. ‘ಹಳ್ಳ ಬಂತು’ ಎಂದರೆ ನೀರು, ‘ಹಳ್ಳಕ್ಕೆ ಬಿದ್ದ’ ಎಂದರೆ ತಗ್ಗು. ನೀರನ್ನೂ ಅದು ನಿಲ್ಲುವ ನೆಲವನ್ನೂ ಒಂದೇ ಪದ ಹಿಡಿದಿಟ್ಟುಕೊಂಡಿದೆ. ಅಮೆರಿಕದ ಒರೆಗಾನ್ ರಾಜ್ಯದ ಒಂದು ಹಳ್ಳದ ಚರಿತ್ರೆ ಓದುವಾಗ ನನಗೆ ಈ ಪದ ಮತ್ತೆ ಮತ್ತೆ ನೆನಪಾಯಿತು. ಅಲ್ಲಿ ನೀರನ್ನು ಅದರ ನೆಲದಿಂದ ಬಿಡಿಸಿದ್ದು ನೂರು ವರ್ಷಕ್ಕೂ ಮೀರಿದ ಕಥೆ. ಎರಡನ್ನೂ ಮತ್ತೆ ಕೂಡಿಸುವ ಕೆಲಸ ಇನ್ನೂ ನಡೆದಿದೆ.

ಆ ಹಳ್ಳದ ಹೆಸರು ವೈಚಸ್. ಕ್ಯಾಸ್ಕೇಡ್ ಪರ್ವತಸಾಲಿನ ಹಿಮದಲ್ಲಿ ಹುಟ್ಟಿ, ಸಿಸ್ಟರ್ಸ್ ಎಂಬ ಪುಟ್ಟ ಪಟ್ಟಣವನ್ನು ಹಾದು, ಸುಮಾರು 65 ಕಿಲೋಮೀಟರ್ ಹರಿದು ಡೆಶೂಟ್ಸ್ ನದಿಯನ್ನು ಸೇರುತ್ತದೆ. ಡೆಶೂಟ್ಸ್ ಕೊಲಂಬಿಯಾ ನದಿಗೆ, ಕೊಲಂಬಿಯಾ ಪೆಸಿಫಿಕ್ ಸಾಗರಕ್ಕೆ. ಈ ದಾರಿಯಲ್ಲೇ ಸ್ಟೀಲ್‌ಹೆಡ್ ಎಂಬ ಮೀನು ಓಡಾಡುತ್ತಿತ್ತು. ಹಳ್ಳದಲ್ಲಿ ಹುಟ್ಟಿ, ಒಂದೆರಡು ವರ್ಷ ಅಲ್ಲೇ ಬೆಳೆದು, ಸಮುದ್ರಕ್ಕೆ ಹೋಗಿ, ಮೊಟ್ಟೆಯಿಡಲು ಹುಟ್ಟಿದ ಹಳ್ಳಕ್ಕೇ ಮರಳುವ ಮೀನು ಅದು. 1855ರ ಒಪ್ಪಂದದಲ್ಲಿ ವಾರ್ಮ್ ಸ್ಪ್ರಿಂಗ್ಸ್ ಮತ್ತು ವಾಸ್ಕೊ ಜನರು ಅಪಾರ ನೆಲವನ್ನು ಸರ್ಕಾರಕ್ಕೆ ಬಿಟ್ಟುಕೊಟ್ಟರೂ ತಾವು ಎಂದಿನಿಂದ ಮೀನು ಹಿಡಿಯುತ್ತಿದ್ದ ಜಾಗಗಳ ಹಕ್ಕನ್ನು ಮಾತ್ರ ಬಿಟ್ಟುಕೊಡಲಿಲ್ಲ. ಮೀನಿಲ್ಲದ ಹೊಳೆಯಲ್ಲಿ ಮೀನು ಹಿಡಿಯುವ ಹಕ್ಕಿಗೆ ಏನು ಅರ್ಥ ಎಂಬ ಪ್ರಶ್ನೆ ಹುಟ್ಟಿದ್ದು ಆಮೇಲೆ.

ಹಾಳಾಗುವ ಕಥೆ ಅಣೆಕಟ್ಟಿನಿಂದ ಶುರುವಾಯಿತೆಂದು ನಾವು ಊಹಿಸುತ್ತೇವೆ. ಅದು ಶುರುವಾದದ್ದು ಟೋಪಿಯಿಂದ. ಯುರೋಪಿನ ಗಂಡಸರ ಟೋಪಿಗೆ ಬೀವರ್ ಎಂಬ ಪ್ರಾಣಿಯ ತುಪ್ಪಳ ಬೇಕಾಗಿತ್ತು. ಬೀವರ್ ಹಲ್ಲಿನಿಂದ ಮರ ಕಡಿದು, ಕೊಂಬೆ ಮಣ್ಣು ಸೇರಿಸಿ ತೊರೆಗೆ ಅಡ್ಡಗಟ್ಟೆ ಕಟ್ಟುವ ಜೀವಿ. ಆ ಗಟ್ಟೆಗಳಿಂದ ನೀರು ನಿಧಾನವಾಗಿ, ಪಕ್ಕದ ಬಯಲಿಗೆ ಹರಡಿ, ನೆಲಕ್ಕಿಳಿಯುತ್ತಿತ್ತು. 1820ರ ದಶಕದಲ್ಲಿ ಹಡ್ಸನ್ಸ್ ಬೇ ಕಂಪನಿಯ ಜಾರ್ಜ್ ಸಿಂಪ್ಸನ್ ಒಂದು ನೀತಿ ರೂಪಿಸಿದ. ಕೊಲಂಬಿಯಾದ ದಕ್ಷಿಣಕ್ಕೆ ಬೀವರ್‌ಗಳನ್ನೇ ಇಲ್ಲವಾಗಿಸಿದರೆ ಅಮೆರಿಕದ ಬೇಟೆಗಾರರಿಗೆ ಇತ್ತ ಬರುವ ಕಾರಣವೇ ಇರುವುದಿಲ್ಲ ಎಂಬುದು ಅವನ ಲೆಕ್ಕ. ಪೀಟರ್ ಸ್ಕೀನ್ ಓಗ್ಡನ್‌ನ ತಂಡ 1825-26ರ ಚಳಿಗಾಲದಲ್ಲಿ ಡೆಶೂಟ್ಸ್ ಸೀಮೆಯನ್ನು ಹಾದುಹೋಯಿತು. ರಾಜಕೀಯವಾಗಿ ಆ ನೀತಿ ಸೋತಿತು, ಒರೆಗಾನ್ ಅಮೆರಿಕದ ಪಾಲಾಯಿತು. ಆದರೆ ನೇಗಿಲು ಹೂಡುವವರು ಬರುವ ಹೊತ್ತಿಗೆ ಆ ಸೀಮೆಯ ತೊರೆಗಳು ತಮ್ಮ ಕಟ್ಟೆಗಾರರನ್ನು ಕಳೆದುಕೊಂಡಿದ್ದವು. ಬಂದವರು ತಾವು ಕಂಡದ್ದನ್ನೇ ಮೂಲರೂಪ ಎಂದುಕೊಂಡರು.

1865ರಲ್ಲಿ ಸೈನಿಕರ ತುಕಡಿಯೊಂದು ಈ ಹಳ್ಳದ ದಡದ ಹುಲ್ಲುಗಾವಲಿನಲ್ಲಿ ಬಿಡಾರ ಹೂಡಿತು. ಕ್ಯಾಂಪ್ ಪೋಕ್ ಎಂಬ ಹೆಸರು ಆ ಜಾಗಕ್ಕೆ ಉಳಿಯಿತು. ಬೆನ್ನಿಗೇ ವಲಸಿಗ ಕುಟುಂಬಗಳು, ದನಗಳು, ಕಾಲುವೆಗಳು ಬಂದವು. ಪಶ್ಚಿಮ ಅಮೆರಿಕದ ನೀರಿನ ಕಾನೂನು ಸರಳ: ಮೊದಲು ಬಂದವನಿಗೆ ಮೊದಲ ಹಕ್ಕು. ಹೊಲಕ್ಕೆ ಹಾಯಿಸಿದ ನೀರು ಬಳಕೆಯಾದ ನೀರು. ಹಳ್ಳದಲ್ಲೇ ಬಿಟ್ಟ ನೀರಿಗೆ ಹಕ್ಕುದಾರರಿಲ್ಲ, ಏಕೆಂದರೆ ಮೀನು ಅರ್ಜಿ ಹಾಕುವುದಿಲ್ಲ. ಹೀಗೆ ಹಳ್ಳದಲ್ಲಿ ಇದ್ದುದಕ್ಕಿಂತ ಹೆಚ್ಚು ನೀರು ಕಾಗದದ ಮೇಲೆ ಹಂಚಿಹೋಯಿತು. ಇಪ್ಪತ್ತನೇ ಶತಮಾನದ ಬಹುಪಾಲು ಬೇಸಿಗೆಗಳಲ್ಲಿ ಸಿಸ್ಟರ್ಸ್ ಪಟ್ಟಣದ ಬಳಿ ವೈಚಸ್ ಒಣಗಿದ ಕಲ್ಲಿನ ಸಾಲಾಗಿ ಬಿದ್ದಿರುತ್ತಿತ್ತು.

1964ರ ಡಿಸೆಂಬರಿನಲ್ಲಿ ಒರೆಗಾನ್ ಕಂಡ ಮಹಾಪ್ರವಾಹ ಮುಂದಿನ ಪೆಟ್ಟಿಗೆ ಕಾರಣವಾಯಿತು. ನೆರೆಯ ಭಯದಲ್ಲಿ ಬುಲ್ಡೋಜರ್‌ಗಳು ಹಳ್ಳಕ್ಕಿಳಿದವು. ಅಂಕುಡೊಂಕಾಗಿದ್ದ ಪಾತ್ರವನ್ನು ನೆಟ್ಟಗೆ ಮಾಡಿ, ಎರಡೂ ಬದಿಗೆ ಮಣ್ಣಿನ ಏರಿ ಹಾಕಿದವು. ಉದ್ದೇಶ ಒಳ್ಳೆಯದೇ, ನೀರು ಬೇಗ ಊರು ದಾಟಿ ಹೋಗಲಿ ಎಂದು. ಆದರೆ ಬಳಸಿಕೊಂಡು ಇಳಿಯುವ ದಾರಿಯನ್ನು ನೇರ ಮಾಡಿದರೆ ಅದು ಕಡಿದಾಗುತ್ತದೆ. ಇಳಿಜಾರು ಹೆಚ್ಚಿದರೆ ವೇಗ ಹೆಚ್ಚುತ್ತದೆ, ವೇಗ ಹೆಚ್ಚಿದರೆ ನೀರು ತಳವನ್ನು ಕೊರೆಯುತ್ತದೆ. ತಳ ಆಳವಾದಷ್ಟೂ ಅಂತರ್ಜಲ ಅದರ ಜೊತೆ ಕೆಳಗಿಳಿಯುತ್ತದೆ, ದಡದ ಹುಲ್ಲುಗಾವಲು ಒಣಗುತ್ತದೆ. ನೆರೆ ಬಂದಾಗಲೂ ನೀರು ಬಯಲಿಗೆ ಹತ್ತುವುದಿಲ್ಲ.

ಮೀನಿಗೆ ಇದರಿಂದ ಆದ ನಷ್ಟ ದಡದ ಮೇಲೆ ನಿಂತು ನೋಡುವವರಿಗೆ ಕಾಣುವುದಿಲ್ಲ. ಬೆರಳುದ್ದದ ಮರಿ ರಭಸದ ನೀರಿನಲ್ಲಿ ನಿಲ್ಲಲಾರದು. ಅದಕ್ಕೆ ಪಕ್ಕದ ಕವಲು, ಬೇರಿನ ಸಂದು, ಬಿದ್ದ ಮರದ ಹಿಂದಿನ ಮಡು ಬೇಕು. ನೆರೆಬಯಲಿನ ನಿಧಾನದ ನೀರಿನಲ್ಲಿ ಹುಳುಹುಪ್ಪಟೆ ಹೇರಳ, ಮರಿ ಅಲ್ಲಿ ತಿಂದು ಬಲಿಯುತ್ತದೆ. ಬಯಲು ಕುಡಿದ ನೀರು ಬೇಸಿಗೆಯಲ್ಲಿ ತಣ್ಣಗೆ ಹಳ್ಳಕ್ಕೆ ಜಿನುಗುತ್ತದೆ. ಮೊಟ್ಟೆಯಿಡಲು ಬೇಕಾದ ಸಣ್ಣ ಕಲ್ಲುಗಳೂ ನೀರು ನಿಧಾನವಾದಲ್ಲೇ ನಿಲ್ಲುತ್ತವೆ. ನೇರ ಕಾಲುವೆಯಲ್ಲಿ ಇದೊಂದೂ ಇಲ್ಲ.

ಈ ಚರಿತ್ರೆಯ ಕಹಿ ಅಧ್ಯಾಯ ಬರೆದವರು ಮೀನಿನ ಹಿತೈಷಿಗಳೇ. ಸುಮಾರು 1950ರಿಂದ 70ರ ದಶಕದವರೆಗೆ ಒರೆಗಾನ್‌ನ ಮೀನುಗಾರಿಕೆ ಅಧಿಕಾರಿಗಳು ತೊರೆಗಳಲ್ಲಿ ಬಿದ್ದ ಮರಗಳನ್ನು ತೆಗೆಸಿದರು. ದಿಮ್ಮಿಗಳ ರಾಶಿ ಮೀನಿನ ದಾರಿಗೆ ಅಡ್ಡ ಎಂದು ಅವರು ನಂಬಿದ್ದರು. ನೀರು ತಿಳಿಯಾಗಿ, ಅಡೆತಡೆಯಿಲ್ಲದೆ ಹರಿದರೆ ಹಳ್ಳ ಆರೋಗ್ಯವಾಗಿದೆ ಎಂದು ಯಾರಿಗೆ ತಾನೇ ಅನಿಸದು? ಒರೆಗಾನ್‌ನ ಕಾಡುಗಳಲ್ಲಿ ಜೇಮ್ಸ್ ಸೆಡೆಲ್ ಮುಂತಾದವರ ಸಂಶೋಧನೆ ತೋರಿಸಿಕೊಟ್ಟದ್ದು ಇದಕ್ಕೆ ವಿರುದ್ಧವಾದುದನ್ನು. ಬಿದ್ದ ಮರವೇ ಮಡು ಕೊರೆಯುತ್ತದೆ, ಕಲ್ಲು ಹಿಡಿದಿಡುತ್ತದೆ, ಮರಿಗಳಿಗೆ ಮರೆ ಕೊಡುತ್ತದೆ. ಹಿಂದೆ ಹಣ ಕೊಟ್ಟು ತೆಗೆಸಿದ ದಿಮ್ಮಿಗಳನ್ನು ಆಮೇಲೆ ಹಣ ಕೊಟ್ಟು ತಂದು ಹಾಕಿಸಬೇಕಾಯಿತು.

ಅಷ್ಟರಲ್ಲಿ ಸಮುದ್ರದ ದಾರಿಯೇ ಮುಚ್ಚಿತ್ತು. ಡೆಶೂಟ್ಸ್ ಮೇಲೆ 1958ರಲ್ಲಿ ಪೆಲ್ಟನ್, 1964ರಲ್ಲಿ ರೌಂಡ್ ಬ್ಯೂಟ್ ಅಣೆಕಟ್ಟುಗಳು ಎದ್ದವು. ದೊಡ್ಡ ಮೀನುಗಳನ್ನು ಮೇಲೆ ದಾಟಿಸುವ ಏರ್ಪಾಡು ಇತ್ತು. ತೊಡಕಾದದ್ದು ಮರಿಗಳು ಕೆಳಗಿಳಿಯುವುದರಲ್ಲಿ. ಮೂರು ನದಿಗಳು ಕೂಡುವ ಜಲಾಶಯದ ಗೊಂದಲದ ಸೆಳೆತದಲ್ಲಿ ಅವುಗಳಿಗೆ ದಾರಿ ಸಿಗಲಿಲ್ಲ. 1968ರಲ್ಲಿ ಆ ಪ್ರಯತ್ನವನ್ನೇ ಕೈಬಿಡಲಾಯಿತು.

ಹಿಂದಿರುಗುವ ಪಯಣಕ್ಕೆ ಕಾನೂನೇ ಮೊದಲ ಬಾಗಿಲು ತೆರೆಯಿತು. 1987ರಲ್ಲಿ ಒರೆಗಾನ್ ಶಾಸನಸಭೆ, ನೀರನ್ನು ಹೊಳೆಯಲ್ಲೇ ಬಿಡುವುದೂ ಒಂದು ಸದ್ಬಳಕೆ ಎಂದು ಒಪ್ಪಿತು. ರೈತರ ತೆರೆದ ಕಾಲುವೆಗಳ ಜಾಗದಲ್ಲಿ ಪೈಪು ಬಂದಾಗ, ಇಂಗಿ ಪೋಲಾಗುತ್ತಿದ್ದ ನೀರಿನ ಪಾಲು ಹಳ್ಳಕ್ಕೆ ಉಳಿಯಿತು. ರೈತರನ್ನು ಒಕ್ಕಲೆಬ್ಬಿಸದೆ ನೀರು ತಂದ ಈ ಕ್ರಮ ಇಡೀ ಕಥೆಯ ಅತ್ಯಂತ ವಿವೇಕದ ಭಾಗ ಎಂದು ನನ್ನ ಅನಿಸಿಕೆ. 2007ರಲ್ಲಿ ವೈಚಸ್‌ಗೆ ಸ್ಟೀಲ್‌ಹೆಡ್ ಮರಿಗಳನ್ನು ಬಿಟ್ಟರು. 2009ರ ಕೊನೆಗೆ ರೌಂಡ್ ಬ್ಯೂಟ್‌ನಲ್ಲಿ, ಸೆಳೆತವನ್ನು ಸರಿಪಡಿಸಿ ಮರಿಗಳನ್ನು ಒಂದೆಡೆ ಸೇರಿಸುವ ಗೋಪುರ ಕೆಲಸ ಶುರುಮಾಡಿತು. ಆ ಅಣೆಕಟ್ಟಿನ ಒಡೆತನದಲ್ಲಿ ವಾರ್ಮ್ ಸ್ಪ್ರಿಂಗ್ಸ್ ಬುಡಕಟ್ಟುಗಳ ಒಕ್ಕೂಟಕ್ಕೂ ಪಾಲಿದೆ. ಹಳ್ಳದ ಹೆಸರೂ ಈ ನಡುವೆ ಮರಳಿತು. ಮೂಲನಿವಾಸಿ ಹೆಂಗಸರನ್ನು ಹೀಯಾಳಿಸುವ ಪದವಿರುವ ಊರು-ಹೊಳೆಗಳ ಹೆಸರನ್ನು ಬದಲಿಸಬೇಕೆಂದು 2001ರಲ್ಲಿ ಒರೆಗಾನ್ ಕಾನೂನು ಮಾಡಿತು. ಮುಂದಿನ ಕೆಲವೇ ವರ್ಷಗಳಲ್ಲಿ ಹಳ್ಳಕ್ಕೆ ವೈಚಸ್ ಎಂಬ ಹಳೆಯ ಹೆಸರು ಬಂತು. ಸಹಾಪ್ಟಿನ್ ಭಾಷೆಯಲ್ಲಿ ಅದರ ಅರ್ಥ ‘ನಾವು ನೀರು ದಾಟುವ ಜಾಗ’ ಎಂದು ಹೇಳುತ್ತಾರೆ.

ನೀರು ಬಂತು, ದಾರಿ ತೆರೆಯಿತು. ನೆಲ? ಕ್ಯಾಂಪ್ ಪೋಕ್ ಹುಲ್ಲುಗಾವಲನ್ನು ಡೆಶೂಟ್ಸ್ ಲ್ಯಾಂಡ್ ಟ್ರಸ್ಟ್ ಕೊಂಡುಕೊಂಡಿತ್ತು. ಅಲ್ಲಿ ತಜ್ಞರು ಅಂಕುಡೊಂಕಿನ ಹೊಸ ಪಾತ್ರವೊಂದನ್ನು ತೋಡಿ, ದಡದ ಗಿಡಗಳು ಬೇರೂರುವವರೆಗೆ ಕಾದು, 2012ರ ಫೆಬ್ರವರಿಯಲ್ಲಿ ಹಳ್ಳವನ್ನು ಅದಕ್ಕೆ ತಿರುಗಿಸಿದರು. ಕಳೆದುಹೋದ ರೂಪ ಮರಳಿತು ಎನ್ನಬಹುದಿತ್ತು. ಆದರೆ ಆ ಹೊತ್ತಿಗೆ ‘ಮೂಲರೂಪ’ ಎಂಬ ಕಲ್ಪನೆಯೇ ಅಲುಗಾಡತೊಡಗಿತ್ತು. ಪೂರ್ವ ಅಮೆರಿಕದ ಸುಂದರ ಬಳುಕಿನ ತೊರೆಗಳಲ್ಲಿ ಎಷ್ಟೋ ಹಳೆಯ ಗಿರಣಿಕಟ್ಟೆಗಳ ಹಿಂದೆ ತುಂಬಿದ ಹೂಳನ್ನು ಕೊರೆದು ಆದವು ಎಂದು ರಾಬರ್ಟ್ ವಾಲ್ಟರ್ ಮತ್ತು ಡೊರೊಥಿ ಮೆರಿಟ್ಸ್ 2008ರಲ್ಲಿ ವಾದಿಸಿದ್ದರು. 2013ರಲ್ಲಿ ಬ್ರಯನ್ ಕ್ಲೂಯರ್ ಮತ್ತು ಕಾಲಿನ್ ಥಾರ್ನ್ ಇನ್ನೂ ಮುಂದೆ ಹೋದರು. ತೊರೆ ಹಾಳಾಗುವ ಹಂತಗಳ ಹಳೆಯ ಪಟ್ಟಿ ಒಂದೇ ಪಾತ್ರದ ತೊರೆಯಿಂದ ಆರಂಭವಾಗುತ್ತಿತ್ತು. ಅದಕ್ಕೂ ಹಿಂದೆ ಅವರು ‘ಸೊನ್ನೆಯ ಹಂತ’ವೊಂದನ್ನು ಸೇರಿಸಿದರು. ಆ ಹಂತದಲ್ಲಿ ಒಂದೇ ಪಾತ್ರವೆಂಬುದಿಲ್ಲ, ಬಯಲಿನ ತುಂಬ ಕವಲು, ಜೌಗು, ದಿಮ್ಮಿ.

ನಾಲ್ಕೇ ವರ್ಷದಲ್ಲಿ ಅದೇ ಹಳ್ಳದ ಕೆಳಭಾಗದಲ್ಲಿ, ವೈಚಸ್ ಕಣಿವೆಯಲ್ಲಿ, ಈ ಹೊಸ ಯೋಚನೆಯನ್ನು ಪ್ರಯೋಗಿಸಿದರು. 2016ರಲ್ಲಿ ಕೊರೆದುಹೋದ ಪಾತ್ರವನ್ನು ಏರಿಯ ಮಣ್ಣಿನಿಂದಲೇ ತುಂಬಿ, ಬಯಲನ್ನು ಒಂದೇ ಮಟ್ಟಕ್ಕೆ ತಂದು, ಮರಗಳನ್ನು ಚೆಲ್ಲಿ, ನೀರನ್ನು ಅದರ ಪಾಡಿಗೆ ಬಿಟ್ಟರು. ಯಾವ ಕವಲು ಎಲ್ಲಿ ಹರಿಯಬೇಕೆಂದು ಯಾರೂ ಗೆರೆ ಎಳೆಯಲಿಲ್ಲ. ಇಂಥ ಜಾಗ ನೋಡಲು ಚೆಂದವಿರುವುದಿಲ್ಲ, ಕೆಸರು ಮತ್ತು ಕಸದ ರಾಶಿಯಂತಿರುತ್ತದೆ. ಹಿಂದೆ ಹಳ್ಳ ಕೆಡಿಸಿದ ಯಂತ್ರವನ್ನೇ ಮತ್ತೆ ಇಳಿಸುವುದು ಸರಿಯೇ ಎಂಬ ಚರ್ಚೆಯೂ ಇದೆ.

ಗೆದ್ದ ಕಥೆಯೆಂದು ಇದನ್ನು ಮುಗಿಸುವಂತಿಲ್ಲ. ಸಮುದ್ರದಿಂದ ಮರಳಿದ ಸ್ಟೀಲ್‌ಹೆಡ್‌ಗಳು ನಿರೀಕ್ಷೆಗಿಂತ ಕಡಿಮೆ. ಆ ಗೋಪುರದಿಂದ ಕೆಳಗಿನ ನದಿ ಕೆಟ್ಟಿತೆಂಬ ದೂರು ನ್ಯಾಯಾಲಯದವರೆಗೂ ಹೋಯಿತು. ಹಿಮನದಿ ಕರಗುತ್ತಿದೆ. ಮೀನು ಬರದಿದ್ದರೂ ಹಸಿಯಾಗಿ ಉಳಿದ ಬಯಲು ಸಾರ್ಥಕವೇ? ಒಪ್ಪಂದದ ಹಕ್ಕಿರುವವರ ಉತ್ತರ ಬೇರೆಯೇ ಇರಬಹುದು. ಅವರಿಗೆ ಭರವಸೆ ಕೊಟ್ಟದ್ದು ಮೀನಿನದು, ಬಯಲಿನದಲ್ಲ.

ಆದರೂ ಈ ಚರಿತ್ರೆ ಒಂದು ಮಾತನ್ನು ಸ್ಪಷ್ಟವಾಗಿ ಹೇಳುತ್ತದೆ. ಬೇಟೆಗಾರ, ರೈತ, ಎಂಜಿನಿಯರ್, ಮೀನುಗಾರಿಕೆ ಅಧಿಕಾರಿ ಎಲ್ಲರೂ ತಾವು ಮೊದಲು ಕಂಡ ಹಳ್ಳವನ್ನೇ ನಿಜವಾದ ಹಳ್ಳವೆಂದು ತಿಳಿದರು. 2012ರಲ್ಲಿ ಪಾತ್ರ ತೋಡಿದ ಒಳ್ಳೆಯ ಮನಸ್ಸಿನವರೂ ಅದಕ್ಕೆ ಹೊರತಲ್ಲ. ನಮ್ಮೂರಿನ ಹಳ್ಳಕ್ಕೆ ಕಾಂಕ್ರೀಟ್ ಗೋಡೆ ಕಟ್ಟಿ ಅಚ್ಚುಕಟ್ಟು ಮಾಡಿದರೆಂದು ಸಂತೋಷಪಡುವ ಮೊದಲು, ಅದು ಎಲ್ಲಿಯವರೆಗೆ ಹರಡುತ್ತಿತ್ತೆಂದು ಹಿರಿಯರೊಬ್ಬರನ್ನು ಕೇಳಬಹುದು. ಅವರು ಕೈ ತೋರಿಸುವ ಜಾಗದಲ್ಲಿ ಈಗ ಏನಿದೆ ಎಂದೂ ನೋಡಬಹುದು.