ಶರಾವತಿ ಅಳಿವೆಯ ಗಾಳದ ದಾರ

ಹೊನ್ನಾವರದ ಅಳಿವೆಯಲ್ಲಿ ಗಾಳ ಹಾಕುವವರ ಕೈಯಲ್ಲಿ ಇಂದು ಎರಡು ಬಗೆಯ ದಾರ ಕಾಣುತ್ತದೆ. ಒಂದು, ಗಾಜಿನಂತೆ ಹೊಳೆಯುವ ಒಂಟಿ ಎಳೆಯ ನೈಲಾನು; ಕರಾವಳಿಯ ಮಾತಿನಲ್ಲಿ ತಂಗೂಸು. ಇನ್ನೊಂದು, ನಾಲ್ಕೋ ಎಂಟೋ ಸಣ್ಣ ಎಳೆಗಳನ್ನು ಜಡೆಯಂತೆ ಹೆಣೆದ ಪಾಲಿಎಥಿಲೀನ್ ದಾರ. ಅದಕ್ಕೆ ಬ್ರೇಡ್ ಎನ್ನುತ್ತಾರೆ. ತಂಗೂಸು ಹಳೆಯದು, ಬ್ರೇಡ್ ಹೊಸದು ಎಂಬುದು ಸಾಮಾನ್ಯ ತಿಳಿವಳಿಕೆ. ವಸ್ತುವಿನ ಮಟ್ಟಿಗೆ ಅದು ನಿಜ, ರಚನೆಯ ಮಟ್ಟಿಗೆ ಅಲ್ಲ. ಹಲವು ಎಳೆಗಳನ್ನು ಕೂಡಿಸಿ ಗಾಳದ ದಾರ ಮಾಡುವುದು ಸಾವಿರಾರು ವರ್ಷಗಳ ಪದ್ಧತಿ. ಮಾರುಗಟ್ಟಲೆ ಉದ್ದದ ಒಂಟಿ ಎಳೆ ಹುಟ್ಟಿ ಇನ್ನೂ ನೂರು ವರ್ಷ ತುಂಬಿಲ್ಲ.

ಜೋಗದಲ್ಲಿ 253 ಮೀಟರ್ ಕೆಳಗೆ ಧುಮುಕುವ ಶರಾವತಿ ಗೇರಸೊಪ್ಪೆ ದಾಟಿದ ಮೇಲೆ ಶಾಂತಳಾಗುತ್ತಾಳೆ. ಅಲ್ಲಿಂದ ಕಡಲಿನವರೆಗೆ ಹೊಳೆ ಅಗಲ, ಹರಿವು ನಿಧಾನ, ನಡುನಡುವೆ ಮಾವಿನಕುರ್ವೆಯಂಥ ನಡುಗಡ್ಡೆಗಳು. ಕಡಲಿನ ಉಬ್ಬರ ಹೊಳೆಯೊಳಗೆ ಏರುತ್ತದೆ, ಇಳಿತದಲ್ಲಿ ಹಿಂದೆ ಸರಿಯುತ್ತದೆ. ಅದರೊಂದಿಗೆ ಮೀನೂ ಬರುತ್ತದೆ, ಹೋಗುತ್ತದೆ. ಈ ನೀರಿನಲ್ಲಿ ದೋಣಿ ನಡೆಸಿ ಮೀನು ಹಿಡಿದು ಬದುಕಿದವರು ಅಂಬಿಗರು. ಕಡಲ ಕಡೆ ಖಾರ್ವಿ, ಹರಿಕಂತ್ರ, ದಾಲ್ದಿ ಸಮುದಾಯಗಳು, ಭಟ್ಕಳದತ್ತ ಹೋದರೆ ಮೊಗೇರರು. ಇವರ ಮುಖ್ಯ ಸಾಧನ ಬಲೆಯೇ ಹೊರತು ಗಾಳವಲ್ಲ. ಆದರೆ ಬಲೆ ಬಿಡಲಾಗದ ಕಡೆ, ಅಂದರೆ ಬಂಡೆಯ ಸಂದಿನಲ್ಲಿ, ಕಾಂಡ್ಲ ಗಿಡಗಳ ಬೇರಿನ ನಡುವೆ, ಸೇತುವೆಯ ಕಂಬದ ಬುಡದಲ್ಲಿ ಗಾಳವೇ ಗತಿ. ಮಳೆಗಾಲದಲ್ಲಿ ಕಡಲು ಕೆರಳಿದಾಗಲೂ ಅಷ್ಟೆ. ಇಂದು ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆ ಎರಡು ತಿಂಗಳು ಹೊಳೆಯ ಮೀನಿಗೆ ಬೆಲೆ ಹೆಚ್ಚು.

ನೈಲಾನು ಬರುವ ಮೊದಲು ದಾರವೆಂದರೆ ಸಣಬು ಇಲ್ಲವೆ ಹತ್ತಿ. ಸಣಬಿನ ನಾರನ್ನು ಬಿಡಿಸಿ, ತೊಡೆಯ ಮೇಲೆ ಹೊಸೆದು, ಎರಡು ಮೂರು ಎಳೆಗಳನ್ನು ಎದುರು ತಿರುವಿನಲ್ಲಿ ಹುರಿ ಮಾಡಿದರೆ ದಾರ ಸಿದ್ಧ. ತಿರುವು ಎದುರಾಗಿರುವುದು ಮುಖ್ಯ: ಒಂದೊಂದು ಎಳೆ ಬಿಚ್ಚಿಕೊಳ್ಳಲು ಹೋದಂತೆ ಇಡೀ ಹುರಿ ಬಿಗಿಯಾಗುತ್ತದೆ. ಹೊಸೆಯುವುದು, ಬಲೆ ಹೆಣೆಯುವುದು, ಹರಿದದ್ದನ್ನು ಸೇರಿಸುವುದು ಎಲ್ಲ ಮನೆಯಂಗಳದ ಕೆಲಸ. ಹತ್ತಿಯ ನೂಲಿಗೆ ಒಂದು ಒಳ್ಳೆಯ ಗುಣವಿತ್ತು. ನೆನೆದಾಗ ಅದರ ಬಲ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ. ಕೊಳೆಯುವುದೇ ಅದರ ದೊಡ್ಡ ದೋಷ. ನೀರಿನ ಸೂಕ್ಷ್ಮಜೀವಿಗಳಿಗೆ ಸಸ್ಯದ ನಾರು ಆಹಾರ; ಒದ್ದೆ ದಾರವನ್ನು ಸುತ್ತಿಟ್ಟರೆ ಕೆಲವೇ ದಿನಗಳಲ್ಲಿ ಅದು ಬೆರಳಲ್ಲಿ ಜಗ್ಗಿದರೆ ಹರಿಯುವಷ್ಟು ಜೀರ್ಣವಾಗುತ್ತದೆ. ಅದಕ್ಕಾಗಿ ದಾರವನ್ನೂ ಬಲೆಯನ್ನೂ ಒಗರು ತೊಗಟೆಯ ಕಷಾಯದಲ್ಲಿ ಅದ್ದಿ ಒಣಗಿಸುವ ಪದ್ಧತಿ ಬೆಳೆಯಿತು. ತೊಗಟೆಯ ಟ್ಯಾನಿನ್ ನಾರಿಗೆ ಹಿಡಿದು ಕೊಳೆಯುವುದನ್ನು ತಡೆಯುತ್ತದೆ. ಹಳೆಯ ಬಲೆಗಳಿಗಿದ್ದ ಕಂದುಗೆಂಪು ಬಣ್ಣ ಅಲಂಕಾರಕ್ಕೆ ಬಂದದ್ದಲ್ಲ, ಈ ಕಷಾಯದ ಕಲೆ.

ಗಾಳವನ್ನು ಶಾಸ್ತ್ರವಾಗಿ ಬರೆದಿಟ್ಟ ಹಿರಿಮೆಯೂ ಕನ್ನಡ ನಾಡಿಗಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದ ಮೊದಲರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದ ಎಂಬ ಭಾಗವಿದೆ. ಯಾವ ಮೀನು ಎಲ್ಲಿ ಸಿಗುತ್ತದೆ, ಅದಕ್ಕೆ ಏನು ತಿನ್ನಿಸಿ ಒಗ್ಗಿಸಬೇಕು, ಗಾಳದಲ್ಲಿ ಹೇಗೆ ಹಿಡಿಯಬೇಕು ಎಂಬುದನ್ನು ಅದು ವಿವರಿಸುತ್ತದೆ. ಪ್ರಾಣಿಶಾಸ್ತ್ರಜ್ಞ ಎಸ್.ಎಲ್. ಹೋರಾ 1951ರಲ್ಲಿ ಈ ಭಾಗವನ್ನು ವಿದ್ವಾಂಸರ ಗಮನಕ್ಕೆ ತಂದರು. ಮಾನಸೋಲ್ಲಾಸದ ಏಳು ಶತಮಾನಗಳ ನಂತರ, 1873ರಲ್ಲಿ, ಹೆನ್ರಿ ಸಲಿವನ್ ಥಾಮಸ್ ಎಂಬ ಬ್ರಿಟಿಷ್ ಅಧಿಕಾರಿಯ ‘ದಿ ರಾಡ್ ಇನ್ ಇಂಡಿಯಾ’ ಮಂಗಳೂರಿನಲ್ಲಿ ಅಚ್ಚಾಯಿತು. ಆ ಕಾಲದ ಯುರೋಪಿಯನ್ ಹವ್ಯಾಸಿಗಳ ಮೆಚ್ಚಿನ ದಾರ ಹೆಣೆದ ರೇಷ್ಮೆಯದು. ಹೆಣೆದ ದಾರ ಹೊಸ ಸಂಗತಿಯಲ್ಲ ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಅಮೆರಿಕದ ಡ್ಯುಪಾಂಟ್ ಕಂಪನಿಯಲ್ಲಿ ವಾಲೇಸ್ ಕ್ಯಾರದರ್ಸ್ ತಂಡ 1935ರಲ್ಲಿ ನೈಲಾನನ್ನು ತಯಾರಿಸಿತು. 1938ರಲ್ಲಿ ಕಂಪನಿ ಅದನ್ನು ಪ್ರಕಟಿಸಿತು. ಜರ್ಮನಿಯಲ್ಲಿ ಪಾಲ್ ಶ್ಲಾಕ್ ನೈಲಾನಿನ ಇನ್ನೊಂದು ಬಗೆಯನ್ನು ಕಂಡುಹಿಡಿದದ್ದೂ ಅದೇ 1938ರಲ್ಲಿ. ನೈಲಾನಿನ ಕಾಳುಗಳನ್ನು ಕರಗಿಸಿ, ಸಣ್ಣ ತೂತಿನಿಂದ ಹೊರಡಿಸಿ, ತಣಿಸಿ, ಹಲವು ಪಟ್ಟು ಎಳೆದು ಸಪೂರ ಮಾಡಿದರೆ ಎಷ್ಟು ಉದ್ದ ಬೇಕಾದರೂ ಒಂದೇ ಎಳೆ. ಕೊಚ್ಚಿಯಲ್ಲಿ 1957ರಲ್ಲಿ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಆರಂಭವಾಯಿತು. ಅದರ ಸಂಶೋಧನೆಯೂ ನೆರವಾಗಿ, ಮುಂದಿನ ಒಂದೆರಡು ದಶಕಗಳಲ್ಲಿ ಕೃತಕ ನೂಲು ಪಶ್ಚಿಮ ಕರಾವಳಿಯ ಬಲೆಗಳಿಂದ ಹತ್ತಿ, ಸಣಬುಗಳನ್ನು ಹೊರಗಟ್ಟಿತು. ಗಾಳದ ದಾರವೂ ಅದೇ ದಾರಿ ಹಿಡಿಯಿತು. ತಂಗೂಸು ಎಂಬ ಹೆಸರು ಮರಾಠಿ, ಮಲಯಾಳಂಗಳಲ್ಲೂ ಇದೆ. ಮಲಯ ಭಾಷೆಯಲ್ಲಿ ಗಾಳದ ದಾರಕ್ಕೆ ‘ತಂಗ್ಸಿ’ ಎನ್ನುತ್ತಾರೆ. ಕಡಲ ವ್ಯಾಪಾರದ ಹಾದಿಯಲ್ಲಿ ಮಾತುಗಳೂ ಓಡಾಡಿದ್ದರೆ ಆಶ್ಚರ್ಯವಿಲ್ಲ.

ತಂಗೂಸು ಕೊಳೆಯುವುದಿಲ್ಲ, ಕಷಾಯ ಬೇಡ, ಬಿಸಿಲಿಗೆ ಹರವಬೇಕಿಲ್ಲ. ಮೀನುಗಾರನ ದಿನದಿಂದ ಒಂದು ದುಡಿಮೆಯೇ ಕಳಚಿತು. ಅದರೊಂದಿಗೆ ಅಂಗಳದಲ್ಲಿ ಹುರಿ ಹೊಸೆಯುವ ಕೈಚಳಕವೂ ಹೋಯಿತು. ತಂಗೂಸಿನ ಕುಂದುಗಳೂ ಬಳಕೆಯಲ್ಲೇ ತಿಳಿದುಬಂದವು. ಅದು ನೀರು ಹೀರಿ ತುಸು ಬಲ ಕಳೆದುಕೊಳ್ಳುತ್ತದೆ; ಹತ್ತಿಗೆ ತೀರ ವಿರುದ್ಧ. ಬಿಸಿಲಲ್ಲಿ ಬಿಟ್ಟರೆ ಪೆಡಸಾಗುತ್ತದೆ. ಮರದ ತುಂಡಿಗೋ ಬಾಟಲಿಗೋ ಸುತ್ತಿಟ್ಟದ್ದು ಬಿಚ್ಚಿದ ಮೇಲೂ ಸುರುಳಿಯಾಗಿಯೇ ನಿಲ್ಲುತ್ತದೆ. ಹಾಗಾಗಿ ಗಾಳ ಎಸೆಯುವ ಮೊದಲು ಒಂದೊಂದೇ ಮಾರು ಬಿಚ್ಚಿ, ಎರಡೂ ಕೈಯಲ್ಲಿ ಜಗ್ಗಿ, ಸುರುಳಿ ಬಿಡಿಸಿಕೊಳ್ಳಬೇಕು.

ಹೆಣೆದ ದಾರ ಮರಳಿ ಬಂದದ್ದು ನೆದರ್ಲೆಂಡ್ಸ್ ಕಡೆಯಿಂದ. ಅಲ್ಲಿನ ಡಿಎಸ್‌ಎಂ ಕಂಪನಿಯ ಪಾಲ್ ಸ್ಮಿತ್ ಮತ್ತು ಪೀಟ್ ಲೆಮ್‌ಸ್ಟ್ರಾ 1970ರ ದಶಕದ ಕೊನೆಗೆ ಅತಿ ಉದ್ದದ ಅಣುಸರಪಳಿಯ ಪಾಲಿಎಥಿಲೀನನ್ನು ದ್ರಾವಕದಲ್ಲಿ ಕರಗಿಸಿ ನೂಲುವ ವಿಧಾನ ಕಂಡುಕೊಂಡರು. ಡೈನೀಮಾ, ಸ್ಪೆಕ್ಟ್ರಾ ಎಂಬ ಹೆಸರಿನಲ್ಲಿ ಬಂದ ಈ ನಾರು 1990ರ ದಶಕದಲ್ಲಿ ಗಾಳದ ದಾರವಾಯಿತು. ಎಳೆ ಬಹಳ ಸಪೂರ. ಒಂಟಿಯಾಗಿ ಕೈಗೆ ಹತ್ತುವುದಿಲ್ಲ, ಹೆಣೆಯಲೇಬೇಕು. 0.40 ಮಿ.ಮೀ. ತಂಗೂಸು ಹೊರುವ ಭಾರವನ್ನು ಹೆಚ್ಚುಕಡಿಮೆ ಅದರ ಅರ್ಧ ದಪ್ಪದ ಬ್ರೇಡ್ ಹೊರುತ್ತದೆ. ತಂಗೂಸು ತುಂಡಾಗುವ ಮುನ್ನ ತನ್ನ ಉದ್ದದ ಐದನೆಯ ಒಂದು ಭಾಗದಷ್ಟು, ಕೆಲವೊಮ್ಮೆ ಇನ್ನೂ ಹೆಚ್ಚು ಹಿಗ್ಗುತ್ತದೆ. ಬ್ರೇಡ್ ಹಿಗ್ಗುವುದು ಶೇಕಡಾ ನಾಲ್ಕೈದು ಮಾತ್ರ.

ಈ ಹಿಗ್ಗುವಿಕೆಯಲ್ಲೇ ಆಯ್ಕೆಯ ಗುಟ್ಟಿದೆ. ಇಳಿತದ ಸೆಳೆತಕ್ಕೆ ಮೂವತ್ತು ಮಾರು ದಾರ ಬಿಟ್ಟಾಗ ತುದಿಯಲ್ಲಿ ಮೀನು ಎರೆಯನ್ನು ಮೂಸಿದ್ದು ತಂಗೂಸಿನಲ್ಲಿ ಮಸುಕಾಗಿ ತಲುಪುತ್ತದೆ, ಬ್ರೇಡಿನಲ್ಲಿ ಚಿಟಿಕೆ ಹೊಡೆದಂತೆ ತಿಳಿಯುತ್ತದೆ. ಸಪೂರ ದಾರವನ್ನು ನೀರು ಕಡಿಮೆ ತಳ್ಳುವುದರಿಂದ ಸಣ್ಣ ಸೀಸದ ಗುಂಡೇ ತಳದಲ್ಲಿ ನಿಲ್ಲುತ್ತದೆ. ಮೇಲುಹೊಳೆಯಲ್ಲಿ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು, ಆಮೇಲೆ ಗೇರಸೊಪ್ಪೆಯ ಅಣೆಕಟ್ಟು ಬಂದ ಮೇಲೆ ಅಳಿವೆಗೆ ವರ್ಷವಿಡೀ ವಿದ್ಯುದಾಗಾರದ ಸಿಹಿನೀರು ಇಳಿಯುತ್ತದೆ. ಹೊಳೆಯ ಸೆಳೆತ ಋತು ನೋಡಿ ಬರುವ ಕಾಲ ಮುಗಿದಿದೆ. ಇಲ್ಲಿಯವರೆಗೆ ಬ್ರೇಡಿಗೇ ಗೆಲುವು.

ಆದರೆ ಕಂಬದ ಬುಡ ಬೇರೆ ಕತೆ. ಹೆದ್ದಾರಿಯ ಸೇತುವೆ, ಎರಡು ಕಿಲೋಮೀಟರಿಗೂ ಉದ್ದದ ಕೊಂಕಣ ರೈಲ್ವೆ ಸೇತುವೆ, ಎರಡರ ಕಂಬಗಳೂ ಉಪ್ಪುನೀರು ಮುಟ್ಟುವಲ್ಲಿ ಚಿಪ್ಪುಜೀವಿಗಳಿಗೆ ನೆಲೆ. ಆ ಚಿಪ್ಪಿನ ಅಂಚಿಗೆ ಬಿಗಿದ ಬ್ರೇಡ್ ತಗುಲಿದರೆ ಸಣ್ಣ ಎಳೆಗಳು ಒಂದೊಂದಾಗಿ ತುಂಡಾಗಿ ಕ್ಷಣದಲ್ಲಿ ದಾರ ಹೋಗುತ್ತದೆ. ದಪ್ಪ ತಂಗೂಸು ಗೀರು ಬಿದ್ದರೂ ಸ್ವಲ್ಪ ಹೊತ್ತು ತಾಳುತ್ತದೆ. ಕೆಂಬೇರಿಯಂಥ ಮೀನು ಗಾಳ ಕಚ್ಚಿದೊಡನೆ ಕಂಬದ, ಬಂಡೆಯ ಸಂದಿಗೇ ನುಗ್ಗುವುದು. ಆ ಸ್ವಲ್ಪ ಹೊತ್ತೇ ಮೀನನ್ನು ಉಳಿಸಿಕೊಡುತ್ತದೆ. ಬ್ರೇಡಿನಲ್ಲಿ ಸಾಮಾನ್ಯ ಗಂಟು ಜಾರುವುದೂ ಇದೆ.

ಎಲ್ಲಕ್ಕಿಂತ ದೊಡ್ಡದು ಕೈ. ರಾಡು, ರೀಲು ಇಲ್ಲದೆ ಬರಿಗೈಯಲ್ಲಿ ದಾರ ಹಿಡಿದು ಕೂರುವವರೇ ಹಿಂದಿನಿಂದ ಈ ಹೊಳೆಯ ಗಾಳಗಾರರು. ಗಾಳ ಬಂಡೆಗೆ ಸಿಕ್ಕಿಬಿದ್ದಾಗ ತಂಗೂಸನ್ನು ಅಂಗೈಗೆ ಒಂದು ಸುತ್ತು ಹಾಕಿ ಜಗ್ಗಿದರೆ ಕೆಂಪು ಗೆರೆ ಮೂಡಿ, ದಾರ ಹರಿಯುತ್ತದೆ. ಬ್ರೇಡನ್ನು ಹಾಗೆ ಸುತ್ತಿ ಜಗ್ಗಿದರೆ ದಾರಕ್ಕಿಂತ ಮೊದಲು ಚರ್ಮ ಹರಿಯುತ್ತದೆ, ಗಾಯ ಉಪ್ಪುನೀರಿನಲ್ಲಿ ವಾರಗಟ್ಟಲೆ ಉರಿಯುತ್ತದೆ. ಬ್ರೇಡಿನ ಬೆಲೆಯೂ ತಂಗೂಸಿನ ಹಲವು ಪಟ್ಟು. ಆದ್ದರಿಂದ ಇಲ್ಲಿ ಬ್ರೇಡ್ ಬಂದದ್ದು ರಾಡು-ರೀಲಿನೊಂದಿಗೆ, ಹವ್ಯಾಸಿಗಳ ಮೂಲಕ.

ಎರಡಕ್ಕೂ ಸಮಾನವಾದ ಒಂದು ಕೇಡಿದೆ. ಸಣಬಿನ ದಾರ ಹರಿದು ಹೊಳೆಗೆ ಬಿದ್ದರೆ ಹೊಳೆಯೇ ಅದನ್ನು ಜೀರ್ಣಿಸುತ್ತಿತ್ತು. ತಂಗೂಸು, ಬ್ರೇಡ್ ಎರಡೂ ಹಾಗೆಯೇ ಉಳಿದು ಕಾಂಡ್ಲದ ಬೇರಿಗೆ ಸುತ್ತಿಕೊಳ್ಳುತ್ತವೆ, ನೀರುಕಾಗೆ, ನೀರುನಾಯಿಗಳ ಕಾಲಿಗೆ ತೊಡರುತ್ತವೆ. ಉತ್ತರಕ್ಕೆ ಕುಮಟಾದ ಅಘನಾಶಿನಿಗೆ ಅಣೆಕಟ್ಟಿಲ್ಲ. 2024ರಲ್ಲಿ ಅದರ ಅಳಿವೆ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿ ಸೇರಿತು. ಅಂಥ ನೀರಿನಲ್ಲೂ ಹರಿದ ದಾರದ ತುಂಡನ್ನು ಮರಳಿ ಒಯ್ಯುವ ಹೊಣೆ ಗಾಳ ಹಾಕಿದವರದೇ.

ರೀಲು ಬಳಸುವವರು ಈಗ ಎರಡನ್ನೂ ಕೂಡಿಸಿಕೊಂಡಿದ್ದಾರೆ: ರೀಲಿನ ತುಂಬ ಬ್ರೇಡ್, ಗಾಳದ ಬಳಿ ಒಂದೆರಡು ಮಾರು ತಂಗೂಸು. ಬರಿಗೈಯಲ್ಲಿ ಹಿಡಿಯುವವರಿಗೆ ಇಂದಿಗೂ ಪೂರ್ತಿ ತಂಗೂಸೇ ಸರಿ.