ಮಂಡ್ಯ ಜಿಲ್ಲೆಯ ಮಣ್ಣಿನ ಫಲವತ್ತತೆ

ಬೆಳೆಗೆ ಬೇಕಾದ ಪೋಷಕಾಂಶಗಳನ್ನು ತಕ್ಕ ಪ್ರಮಾಣದಲ್ಲಿ, ತಕ್ಕ ಕಾಲದಲ್ಲಿ, ಬೇರು ಹೀರಿಕೊಳ್ಳಬಲ್ಲ ರೂಪದಲ್ಲಿ ಒದಗಿಸುವ ಮಣ್ಣಿನ ಸಾಮರ್ಥ್ಯವನ್ನು ಮಣ್ಣಿನ ಫಲವತ್ತತೆ ಎನ್ನುತ್ತಾರೆ. ರೈತರ ಮಾತಿನಲ್ಲಿ ಇದು ಭೂಮಿಯ ಕಸುವು ಅಥವಾ ಸಾರ. ಕರ್ನಾಟಕದ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳು ಒಂದಕ್ಕೊಂದು ಸಮೀಪದಲ್ಲಿದ್ದರೂ ಅವುಗಳ ಮಣ್ಣಿನ ಸಮಸ್ಯೆಗಳು ಒಂದೇ ಬಗೆಯವಲ್ಲ. ನದಿ ಮತ್ತು ನಾಲೆಗಳ ಬಯಲಿನಲ್ಲಿ ಅತಿಯಾದ ನೀರು, ಲವಣ ಹಾಗೂ ಗೊಬ್ಬರದ ಅಸಮತೋಲನ ಮುಖ್ಯವಾದರೆ, ಮಳೆಯಾಶ್ರಿತ ದಿಣ್ಣೆಗಳಲ್ಲಿ ಸವಕಳಿ ಮತ್ತು ಸಾವಯವ ಅಂಶದ ಕೊರತೆ ಮುಖ್ಯವಾಗಿವೆ.

ಭೂಮಿ ಮತ್ತು ಮಣ್ಣು

ಈ ತಾಲ್ಲೂಕುಗಳು ರಾಜ್ಯದ ದಕ್ಷಿಣ ಒಣ ವಲಯಕ್ಕೆ ಸೇರಿವೆ. ಜಿಲ್ಲೆಯ ವಾರ್ಷಿಕ ಸರಾಸರಿ ಮಳೆ ಸುಮಾರು 700 ಮಿಲಿಮೀಟರ್. ನೆಲದಡಿಯಲ್ಲಿರುವುದು ಬಹುಪಾಲು ಅತಿ ಪ್ರಾಚೀನವಾದ ನೈಸ್ ಮತ್ತು ಗ್ರಾನೈಟ್ ಶಿಲೆ. ನಾಗಮಂಗಲ ಮತ್ತು ಕೃಷ್ಣರಾಜಪೇಟೆಯ ಕೆಲವು ಭಾಗಗಳಲ್ಲಿ ಶಿಸ್ಟ್ ಶಿಲೆಯ ಪಟ್ಟಿಗಳೂ ಇವೆ.

ಈ ಶಿಲೆಗಳು ಶಿಥಿಲಗೊಂಡು ಕೆಂಪು ಮಣ್ಣು ಉಂಟಾಗಿದೆ. ಅದರ ಬಣ್ಣಕ್ಕೆ ಕಬ್ಬಿಣದ ಆಕ್ಸೈಡ್ ಕಾರಣ. ದಿಣ್ಣೆಯ ಮೇಲೆ ಗರಸು ಮತ್ತು ಮರಳು ಮಿಶ್ರಿತ ತೆಳುವಾದ ಮಣ್ಣು, ಇಳಿಜಾರಿನಲ್ಲಿ ಕೆಂಪು ಗೋಡು, ತಗ್ಗಿನಲ್ಲಿ ಜೇಡಿಯಂಶ ಹೆಚ್ಚಿರುವ ಆಳವಾದ ಮಣ್ಣು ಕಂಡುಬರುತ್ತದೆ. ಕಾವೇರಿ, ಹೇಮಾವತಿ ಮತ್ತು ಲೋಕಪಾವನಿ ನದಿಗಳ ದಡದಲ್ಲಿ ಮೆಕ್ಕಲು ಮಣ್ಣಿದೆ. ಹೀಗಾಗಿ ಒಂದೇ ಊರಿನ ಮೇಲುಹೊಲಕ್ಕೂ ತಗ್ಗಿನ ಗದ್ದೆಗೂ ಕಸುವಿನಲ್ಲಿ ಬಹಳ ಅಂತರವಿರಬಹುದು.

ಪೋಷಕಾಂಶಗಳ ಲಭ್ಯತೆ

ಸಸ್ಯಗಳ ಬೆಳವಣಿಗೆಗೆ 17 ಪೋಷಕಾಂಶಗಳು ಅಗತ್ಯ. ಇಂಗಾಲ, ಜಲಜನಕ ಮತ್ತು ಆಮ್ಲಜನಕಗಳು ಗಾಳಿ ಹಾಗೂ ನೀರಿನಿಂದ ದೊರೆಯುತ್ತವೆ. ಉಳಿದವು ಮುಖ್ಯವಾಗಿ ಮಣ್ಣಿನಿಂದ ಬರಬೇಕು. ಮಣ್ಣಿನಲ್ಲಿ ಒಂದು ಪೋಷಕಾಂಶ ಇರುವುದು ಬೇರೆ, ಅದು ಬೆಳೆಗೆ ಲಭ್ಯವಾಗುವುದು ಬೇರೆ. ಒಟ್ಟು ಪ್ರಮಾಣದ ಸ್ವಲ್ಪ ಭಾಗ ಮಾತ್ರ ಒಂದು ಹಂಗಾಮಿನಲ್ಲಿ ಬೇರಿಗೆ ದಕ್ಕುತ್ತದೆ.

ಸಾರಜನಕ: ಮಣ್ಣಿನಲ್ಲಿರುವ ಸಾರಜನಕದ ಬಹುಭಾಗ ಸಾವಯವ ವಸ್ತುವಿನಲ್ಲಿದೆ. ಉಷ್ಣವಲಯದ ಬಿಸಿಲಿಗೆ ಸಾವಯವ ವಸ್ತು ಬೇಗ ಕೊಳೆತು ಕರಗುವುದರಿಂದ ಕೆಂಪು ಮಣ್ಣಿನಲ್ಲಿ ಇದರ ದಾಸ್ತಾನು ಸಾಮಾನ್ಯವಾಗಿ ಕಡಿಮೆ. ನೈಟ್ರೇಟ್ ರೂಪದ ಸಾರಜನಕ ಮರಳು ಮಣ್ಣಿನಲ್ಲಿ ಮಳೆ ನೀರಿನೊಡನೆ ಕೆಳಗಿಳಿದು ಹೋಗುತ್ತದೆ. ನೀರು ನಿಂತ ಗದ್ದೆಯಲ್ಲಿ ಅದು ಅನಿಲವಾಗಿ ನಷ್ಟವಾಗುತ್ತದೆ.

ರಂಜಕ: ಆಮ್ಲೀಯ ಕೆಂಪು ಮಣ್ಣಿನಲ್ಲಿ ರಂಜಕವು ಕಬ್ಬಿಣ ಮತ್ತು ಅಲ್ಯೂಮಿನಿಯಂ ಜೊತೆಗೂ, ಕ್ಷಾರ ಮಣ್ಣಿನಲ್ಲಿ ಸುಣ್ಣದ ಅಂಶದ ಜೊತೆಗೂ ಕೂಡಿ ಬಿಗಿಯುತ್ತದೆ. ಹಾಕಿದ ಗೊಬ್ಬರದ ರಂಜಕದಲ್ಲಿ ಅಲ್ಪಭಾಗ ಮಾತ್ರ ಮೊದಲ ಬೆಳೆಗೆ ಸಿಗುತ್ತದೆ. ಆದುದರಿಂದ ಅದನ್ನು ಮೇಲೆ ಎರಚುವುದಕ್ಕಿಂತ ಬೇರಿನ ಬಳಿ ಸಾಲಿನಲ್ಲಿ ಕೊಡುವುದು ಲಾಭಕರ.

ಪೊಟ್ಯಾಷ್: ಗ್ರಾನೈಟ್ ಮೂಲದ ಫೆಲ್ಡ್‌ಸ್ಪಾರ್ ಮತ್ತು ಅಭ್ರಕ ಖನಿಜಗಳಿಂದ ಇದು ನಿಧಾನವಾಗಿ ಬಿಡುಗಡೆಯಾಗುತ್ತದೆ. ಕಬ್ಬು, ಬಾಳೆ ಮತ್ತು ತೆಂಗು ಬೆಳೆಗಳು ಇದನ್ನು ಹೆಚ್ಚಾಗಿ ಬಳಸುತ್ತವೆ. ಕೆಂಪು ಮಣ್ಣಿನ ಪ್ರಧಾನ ಜೇಡಿಯಾದ ಕಯೋಲಿನೈಟ್‌ಗೆ ಪೋಷಕಾಂಶಗಳನ್ನು ಹಿಡಿದಿಡುವ ಶಕ್ತಿ ಕಡಿಮೆ. ಇಲ್ಲಿ ಆ ಕೆಲಸವನ್ನು ಬಹುಮಟ್ಟಿಗೆ ಸಾವಯವ ವಸ್ತುವೇ ಮಾಡಬೇಕಾಗುತ್ತದೆ.

ಗಂಧಕ ಮತ್ತು ಲಘು ಪೋಷಕಾಂಶಗಳು: ರಸಸಾರ 6.5ರಿಂದ 7.5ರ ನಡುವೆ ಇದ್ದಾಗ ಹೆಚ್ಚಿನ ಪೋಷಕಾಂಶಗಳು ಚೆನ್ನಾಗಿ ಲಭ್ಯವಾಗುತ್ತವೆ. ರಸಸಾರ ಇದಕ್ಕಿಂತ ಏರಿದರೆ ಸತು, ಕಬ್ಬಿಣ ಮತ್ತು ಮ್ಯಾಂಗನೀಸ್ ಕರಗದ ರೂಪ ತಾಳುತ್ತವೆ. ಸದಾ ನೀರು ನಿಲ್ಲುವ ಭತ್ತದ ಗದ್ದೆಯಲ್ಲಿ ಸತುವಿನ ಕೊರತೆ ಸಾಮಾನ್ಯ. ಆಗ ಎಲೆಗಳ ಮೇಲೆ ಕಂದು ತುಕ್ಕಿನ ಮಚ್ಚೆ ಮೂಡಿ ಪೈರು ಕುಳ್ಳಾಗುತ್ತದೆ. ಕ್ಷಾರ ಗದ್ದೆಯ ಕೂಳೆ ಕಬ್ಬಿನಲ್ಲಿ ಎಳೆಯ ಎಲೆಗಳು ಬಿಳಿಚಿಕೊಳ್ಳುವುದು ಕಬ್ಬಿಣದ ಕೊರತೆಯ ಲಕ್ಷಣ. ಬೋರಾನ್ ಸಾಲದಾದಾಗ ತೆಂಗಿನ ಎಳೆಯ ಗರಿಗಳು ಪೂರ್ತಿ ಬಿಚ್ಚಿಕೊಳ್ಳದೆ ವಿಕಾರವಾಗುತ್ತವೆ. ಬೆಳೆಯ ಇಳುವರಿಯನ್ನು ನಿರ್ಧರಿಸುವುದು ಎಲ್ಲಕ್ಕಿಂತ ಕಡಿಮೆ ಇರುವ ಪೋಷಕಾಂಶ. ಸತುವಿಲ್ಲದ ಗದ್ದೆಗೆ ಎಷ್ಟು ಯೂರಿಯಾ ಸುರಿದರೂ ಆ ಕೊರತೆ ತುಂಬದು.

ತಾಲ್ಲೂಕುಗಳ ಚಿತ್ರಣ

ಶ್ರೀರಂಗಪಟ್ಟಣ: ಕಾವೇರಿಯ ಅಣೆಕಟ್ಟೆಗಳಿಂದ ಹೊರಡುವ ಚಿಕ್ಕದೇವರಾಯಸಾಗರ, ಬಂಗಾರದೊಡ್ಡಿ ಮತ್ತು ವಿರಿಜಾ ನಾಲೆಗಳಿಂದ ಇಲ್ಲಿ ಬಹುಕಾಲದಿಂದ ಭತ್ತ ಮತ್ತು ಕಬ್ಬು ಬೆಳೆಯಲಾಗುತ್ತಿದೆ. 1800ರಲ್ಲಿ ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕನನ್ ಈ ಪ್ರದೇಶದ ಬೇಸಾಯ ಮತ್ತು ಗೊಬ್ಬರದ ಕ್ರಮಗಳನ್ನು ತನ್ನ ಪ್ರವಾಸ ಕಥನದಲ್ಲಿ ವಿವರಿಸಿದ್ದಾನೆ. ಮೆಕ್ಕಲು ಮಣ್ಣು ಸ್ವಭಾವತಃ ಸಾರವತ್ತಾದುದು. ಆದರೆ ಎಡೆಬಿಡದ ಬೆಳೆಯಿಂದ ಪೋಷಕಾಂಶಗಳ ಬಳಕೆಯೂ ಇಲ್ಲಿ ಅಧಿಕ.

ಪಾಂಡವಪುರ: ತಾಲ್ಲೂಕಿನ ನಾಲಾ ಬಯಲು ಕಬ್ಬು ಮತ್ತು ಭತ್ತದ ನೆಲ. ಮೇಲುಕೋಟೆಯ ಸುತ್ತಲಿನ ಬೆಟ್ಟಸಾಲು ಕಲ್ಲು ಮಿಶ್ರಿತ ತೆಳು ಮಣ್ಣಿನದು. ತೊಣ್ಣೂರು ಕೆರೆಯಂತಹ ಪ್ರಾಚೀನ ಕೆರೆಗಳ ಅಚ್ಚುಕಟ್ಟು ಇವೆರಡರ ನಡುವಿನ ಸ್ಥಿತಿಯಲ್ಲಿದೆ.

ಕೃಷ್ಣರಾಜಪೇಟೆ: ಹೇಮಾವತಿ ದಡದಲ್ಲಿ ನೀರಾವರಿ ಗದ್ದೆಗಳಿದ್ದರೆ, ಉಳಿದೆಡೆ ರಾಗಿ, ದ್ವಿದಳ ಧಾನ್ಯ ಮತ್ತು ತೆಂಗು ಪ್ರಧಾನವಾಗಿವೆ.

ನಾಗಮಂಗಲ: ನಾಲ್ಕರಲ್ಲಿ ಹೆಚ್ಚು ಮಳೆಯಾಶ್ರಿತವಾದುದು. ಹೇಮಾವತಿ ಯೋಜನೆಯ ನಾಲೆ ಕೆಲವು ಭಾಗಗಳಿಗೆ ತಲುಪಿದೆಯಾದರೂ ಇಳಿಜಾರಿನ ಹೊಲಗಳಲ್ಲಿ ಮೇಲ್ಮಣ್ಣು ಮಳೆಗೆ ಕೊಚ್ಚಿಹೋಗುವುದೇ ದೊಡ್ಡ ನಷ್ಟ. ಮೇಲ್ಮಣ್ಣಿನೊಡನೆ ಸಾವಯವ ಅಂಶವೂ ರಂಜಕವೂ ಹೊಲ ಬಿಟ್ಟು ಹೋಗುತ್ತವೆ.

ನೀರಾವರಿಯ ಪರಿಣಾಮ

ಕೃಷ್ಣರಾಜಸಾಗರ ಅಣೆಕಟ್ಟಿನ ಕಾಮಗಾರಿ 1911ರಲ್ಲಿ ಆರಂಭವಾಯಿತು. ಮೊದಲು ಇರ್ವಿನ್ ನಾಲೆ ಎನಿಸಿಕೊಂಡು ಈಗ ವಿಶ್ವೇಶ್ವರಯ್ಯ ನಾಲೆ ಎಂದು ಹೆಸರಾದ ಕಾಲುವೆ ಒಣಭೂಮಿಯನ್ನು ಗದ್ದೆಯಾಗಿಸಿತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾದ ಮೇಲೆ ಕಬ್ಬಿನ ವಿಸ್ತೀರ್ಣ ಬೆಳೆಯಿತು.

ನೀರು ಸಮೃದ್ಧಿಯೊಡನೆ ಹೊಸ ತೊಡಕನ್ನೂ ತಂದಿತು. ಬಸಿಗಾಲುವೆ ಇಲ್ಲದ ತಗ್ಗಿನಲ್ಲಿ ಮೇಲಿನ ಗದ್ದೆಗಳ ನೀರು ಜಿನುಗಿ ನಿಂತು ಭೂಮಿ ಜೌಗಾಗುತ್ತದೆ. ಆ ನೀರು ಆವಿಯಾದಾಗ ಅದರಲ್ಲಿ ಕರಗಿದ್ದ ಲವಣ ನೆಲದ ಮೇಲೆ ಬಿಳಿ ಪದರವಾಗಿ ಉಳಿಯುತ್ತದೆ. ಇದೇ ಚೌಳು. ಸೋಡಿಯಂ ಹೆಚ್ಚಾದ ಮಣ್ಣು ಒದ್ದೆಯಾದಾಗ ಕೆಸರಾಗಿ, ಒಣಗಿದಾಗ ಕಲ್ಲಾಗಿ ಬೇರಿಗೆ ಗಾಳಿ ದೊರೆಯದಂತೆ ಮಾಡುತ್ತದೆ. ಚೌಳು ಭೂಮಿಯ ಸುಧಾರಣೆಗೆ ಮೊದಲು ನೀರು ಬಸಿಯುವ ದಾರಿ ಬೇಕು. ಅನಂತರ ಪರೀಕ್ಷೆಯ ಆಧಾರದ ಮೇಲೆ ಜಿಪ್ಸಂ ಹಾಕಿ, ಒಳ್ಳೆಯ ನೀರಿನಿಂದ ಲವಣವನ್ನು ತೊಳೆದು, ಡಯಾಂಚದಂತಹ ಹಸಿರು ಗೊಬ್ಬರ ಬೆಳೆದು ಉಳುತ್ತಾರೆ.

ಸಾಂಪ್ರದಾಯಿಕ ಪದ್ಧತಿಗಳು

ರಾಸಾಯನಿಕ ಗೊಬ್ಬರಕ್ಕೆ ಮೊದಲು ಕಸುವನ್ನು ಕಾಯ್ದುಕೊಂಡಿದ್ದುದು ದನ, ಕುರಿ, ಕೆರೆ ಮತ್ತು ಮರ. ತಿಪ್ಪೆಯಲ್ಲಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಮುಂಗಾರಿಗೆ ಮೊದಲು ಹೊಲಕ್ಕೆ ಸಾಗಿಸುವುದು, ಬೇಸಗೆಯಲ್ಲಿ ಕುರಿ ಮಂದೆ ನಿಲ್ಲಿಸುವುದು, ಬತ್ತಿದ ಕೆರೆಯ ಗೋಡನ್ನು ಹೊಡೆಯುವುದು, ಹೊಂಗೆಯ ಸೊಪ್ಪನ್ನು ಗದ್ದೆಗೆ ತುಳಿಯುವುದು ವಾಡಿಕೆಯಾಗಿತ್ತು. ಕೆರೆ ಗೋಡು ದಿಣ್ಣೆಯಿಂದ ಕೊಚ್ಚಿಹೋದ ನಯವಾದ ಮಣ್ಣೇ ಆದುದರಿಂದ, ಅದನ್ನು ಮತ್ತೆ ಮೇಲಕ್ಕೆ ಸಾಗಿಸುವುದು ಕಳೆದುಕೊಂಡ ಸಾರವನ್ನು ಹಿಂದಕ್ಕೆ ತಂದಂತೆ. ರಾಗಿಯ ಹೊಲದಲ್ಲಿ ಅವರೆ, ತೊಗರಿ, ಹುಚ್ಚೆಳ್ಳುಗಳನ್ನು ಅಕ್ಕಡಿ ಸಾಲಾಗಿ ಬಿತ್ತುವ ಕ್ರಮ ಇಂದಿಗೂ ಇದೆ. ಅವರೆ ಮತ್ತು ತೊಗರಿಯ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಸ್ಥಿರೀಕರಿಸುತ್ತವೆ. ಜಾನುವಾರುಗಳ ಸಂಖ್ಯೆ ಕುಗ್ಗಿದಂತೆ ಕೊಟ್ಟಿಗೆ ಗೊಬ್ಬರವೂ ವಿರಳವಾಗುತ್ತಿದೆ.

ಸಂಶೋಧನೆ ಮತ್ತು ಯೋಜನೆಗಳು

ಮಂಡ್ಯದ ಬಳಿಯ ವಿ.ಸಿ. ಫಾರಂ ನಾಲಾ ಪ್ರದೇಶದ ಬೇಸಾಯದ ಅಧ್ಯಯನಕ್ಕಾಗಿ 1930ರ ದಶಕದಲ್ಲಿ ಆರಂಭವಾದ ಕೃಷಿ ಸಂಶೋಧನಾ ಕೇಂದ್ರ. ಇಂಡಾಫ್ ರಾಗಿ ತಳಿಗಳನ್ನು ಲಕ್ಷ್ಮಣಯ್ಯನವರು ಅಭಿವೃದ್ಧಿಪಡಿಸಿದ್ದು ಇಲ್ಲಿಯೇ. ಅಧಿಕ ಇಳುವರಿ ಕೊಡುವ ತಳಿಗಳು ಮಣ್ಣಿನಿಂದ ಅಧಿಕ ಪೋಷಕಾಂಶಗಳನ್ನೂ ತೆಗೆಯುವುದರಿಂದ ಗೊಬ್ಬರದ ಪ್ರಶ್ನೆ ತಳಿಯ ಪ್ರಶ್ನೆಯೊಡನೆ ಹೆಣೆದುಕೊಂಡಿದೆ.

ಇದೇ ಬಗೆಯ ಕೆಂಪು ಮಣ್ಣಿರುವ ಬೆಂಗಳೂರಿನ ಗಾಂಧಿ ಕೃಷಿ ವಿಜ್ಞಾನ ಕೇಂದ್ರದಲ್ಲಿ 1986ರಿಂದ ರಾಗಿ ಮತ್ತು ಮೆಕ್ಕೆಜೋಳದ ಮೇಲೆ ದೀರ್ಘಕಾಲೀನ ಗೊಬ್ಬರ ಪ್ರಯೋಗ ನಡೆಯುತ್ತಿದೆ. ಸಾರಜನಕವನ್ನು ಮಾತ್ರ ಕೊಟ್ಟ ತಾಕುಗಳಲ್ಲಿ ಮಣ್ಣು ಆಮ್ಲೀಯವಾಗಿ ಇಳುವರಿ ಕುಸಿದಿದೆ. ಸಮತೋಲಿತ ಗೊಬ್ಬರದೊಡನೆ ಕೊಟ್ಟಿಗೆ ಗೊಬ್ಬರ ಪಡೆದ ತಾಕುಗಳು ಇಳುವರಿಯನ್ನು ಉಳಿಸಿಕೊಂಡಿವೆ.

2009ರಲ್ಲಿ ಕರ್ನಾಟಕ ಸರ್ಕಾರವು ಇಕ್ರಿಸ್ಯಾಟ್ ಸಂಸ್ಥೆಯ ನೆರವಿನಿಂದ ಆರಂಭಿಸಿದ ಭೂಚೇತನ ಯೋಜನೆಯು ರಾಜ್ಯದ ಮಳೆಯಾಶ್ರಿತ ಹೊಲಗಳಲ್ಲಿ ಗಂಧಕ, ಸತು ಮತ್ತು ಬೋರಾನ್ ಕೊರತೆ ವ್ಯಾಪಕವಾಗಿರುವುದನ್ನು ತೋರಿಸಿತು. 2010ರಲ್ಲಿ ಕೇಂದ್ರ ಸರ್ಕಾರ ಪೋಷಕಾಂಶ ಆಧಾರಿತ ಸಹಾಯಧನವನ್ನು ಜಾರಿಗೆ ತಂದಾಗ ಯೂರಿಯಾವನ್ನು ಅದರಿಂದ ಹೊರಗಿಟ್ಟಿತು. ಯೂರಿಯಾ ಅಗ್ಗವಾಗಿಯೇ ಉಳಿದು ಉಳಿದ ಗೊಬ್ಬರಗಳ ಬೆಲೆ ಏರಿದ್ದು ಅಸಮತೋಲಿತ ಬಳಕೆಗೆ ಒಂದು ಕಾರಣ. 2015ರಲ್ಲಿ ರಾಷ್ಟ್ರೀಯ ಮಣ್ಣು ಆರೋಗ್ಯ ಚೀಟಿ ಯೋಜನೆ ಆರಂಭವಾಯಿತು.

ಮಣ್ಣು ಪರೀಕ್ಷೆ

ಒಂದೇ ಬಗೆಯ ಮಣ್ಣಿರುವ ತಾಕಿನಲ್ಲಿ ಅಂಕುಡೊಂಕಾಗಿ ನಡೆದು 10ರಿಂದ 15 ಕಡೆ ಸುಮಾರು 15 ಸೆಂಟಿಮೀಟರ್ ಆಳದ ಗುಣಿ ತೋಡಿ ಅಂಚಿನ ಮಣ್ಣನ್ನು ಕೆರೆದು ತೆಗೆಯಬೇಕು. ಎಲ್ಲವನ್ನೂ ಬೆರೆಸಿ, ನಾಲ್ಕು ಭಾಗ ಮಾಡಿ ಎದುರುಬದುರಿನ ಎರಡನ್ನು ಬಿಡುತ್ತ, ಕೊನೆಗೆ ಅರ್ಧ ಕಿಲೋಗ್ರಾಂ ಉಳಿಸಿಕೊಂಡು ನೆರಳಿನಲ್ಲಿ ಒಣಗಿಸಬೇಕು. ಬದು, ಮರದ ನೆರಳು, ತಿಪ್ಪೆಯ ಜಾಗ ಮತ್ತು ಈಚೆಗೆ ಗೊಬ್ಬರ ಹಾಕಿದ ಸ್ಥಳಗಳನ್ನು ಬಿಡಬೇಕು.

ಸಾವಯವ ಇಂಗಾಲ ಶೇ. 0.5ಕ್ಕಿಂತ ಕಡಿಮೆ ಇದ್ದರೆ ಕೊರತೆ, 0.5ರಿಂದ 0.75 ಮಧ್ಯಮ, ಅದಕ್ಕೆ ಮೇಲ್ಪಟ್ಟರೆ ಅಧಿಕ ಎಂದು ಪರಿಗಣಿಸುತ್ತಾರೆ. ಲಭ್ಯ ಸಾರಜನಕ ಹೆಕ್ಟೇರಿಗೆ 280 ಕಿಲೋಗ್ರಾಂಗಿಂತ ಕಡಿಮೆಯಾದರೆ ಕೊರತೆ. ಸತುವಿನ ಕೊರತೆಯ ಮಿತಿ ಹತ್ತು ಲಕ್ಷ ಭಾಗಕ್ಕೆ 0.6 ಭಾಗ.

ಗೊಬ್ಬರದ ಲೆಕ್ಕ

ನೀರಾವರಿ ಭತ್ತಕ್ಕೆ ಸಾಮಾನ್ಯ ಶಿಫಾರಸು ಹೆಕ್ಟೇರಿಗೆ ಸಾರಜನಕ, ರಂಜಕ ಮತ್ತು ಪೊಟ್ಯಾಷ್ ಅನುಕ್ರಮವಾಗಿ 100, 50 ಮತ್ತು 50 ಕಿಲೋಗ್ರಾಂ, ಅಂದರೆ ಎಕರೆಗೆ 40, 20 ಮತ್ತು 20. ಸುಮಾರು 43 ಕಿಲೋಗ್ರಾಂ ಡಿಎಪಿ ಹಾಕಿದರೆ ರಂಜಕ ಪೂರ್ತಿಯಾಗಿ ದೊರೆತು, ಸಾರಜನಕವೂ 8 ಕಿಲೋಗ್ರಾಂನಷ್ಟು ಸಿಗುತ್ತದೆ. ಉಳಿದ ಸಾರಜನಕಕ್ಕೆ ಸುಮಾರು 70 ಕಿಲೋಗ್ರಾಂ ಯೂರಿಯಾ, ಪೊಟ್ಯಾಷಿಗೆ ಸುಮಾರು 33 ಕಿಲೋಗ್ರಾಂ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಸಾಕು. ಯೂರಿಯಾವನ್ನು ಒಮ್ಮೆಲೇ ಸುರಿಯದೆ ಕಂತುಗಳಲ್ಲಿ ಕೊಟ್ಟರೆ ನಷ್ಟ ತಗ್ಗುತ್ತದೆ. ಮಣ್ಣು ಪರೀಕ್ಷೆಯ ಫಲಿತಾಂಶಕ್ಕೆ ತಕ್ಕಂತೆ ಈ ಪ್ರಮಾಣವನ್ನು ಹೆಚ್ಚಿಸಬೇಕು ಇಲ್ಲವೆ ಇಳಿಸಬೇಕು.

ಕಬ್ಬಿನ ತರಗನ್ನು ಸುಡದೆ ಸಾಲಿನಲ್ಲಿ ಹೊದಿಸುವುದು, ಸಕ್ಕರೆ ಕಾರ್ಖಾನೆಯ ಪ್ರೆಸ್‌ಮಡ್ಡನ್ನು ಕಳಿಸಿ ಬಳಸುವುದು, ಇಳಿಜಾರಿಗೆ ಅಡ್ಡಲಾಗಿ ಉಳುವುದು ಮತ್ತು ಬದುಗಳಲ್ಲಿ ಗ್ಲಿರಿಸಿಡಿಯ ಬೆಳೆಸುವುದು ಖರ್ಚು ಕಡಿಮೆಯ ಉಪಾಯಗಳು. ನಾಗಮಂಗಲದ ದಿಣ್ಣೆಯ ಹೊಲದಲ್ಲಿ ಮೊದಲು ಮಣ್ಣನ್ನು ಹಿಡಿದಿಡಬೇಕು, ಶ್ರೀರಂಗಪಟ್ಟಣದ ತಗ್ಗಿನ ಗದ್ದೆಯಲ್ಲಿ ಮೊದಲು ನೀರನ್ನು ಬಸಿಯಬೇಕು. ಹಾಕಿದ ಗೊಬ್ಬರ ಬೆಳೆಗೆ ದಕ್ಕುವುದು ಅನಂತರವೇ.